ಇಳಿಸಿದ ಪಿಕಪ್‌ನ ಹಿಂಬದಿ ಸಸ್ಪೆನ್ಷನ್ ಸರಿಮಾಡುವುದು: ಕಾಫಿ ಕಣದಲ್ಲಿ ಎರಡು ದಿನದ ಕೆಲಸ

ಗೋಣಿಕೊಪ್ಪದ ಹತ್ತಿರ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಕೊಂಡಾಗ ಅದರ ಅಂದ ನೋಡಿ ಮರುಳಾದೆ. ಹಿಂದಿನ ಮಾಲೀಕ ಅದನ್ನು ಇಳಿಸಿದ್ದ, ಅಂದರೆ ನೆಲಕ್ಕೆ ಹತ್ತಿರ ಕೂರುವ ಹಾಗೆ ಅದರ ಎತ್ತರ ಕಡಿಮೆ ಮಾಡಿಸಿದ್ದ. ಟೈರಿನ ಮೇಲೆ ನಾಲ್ಕು ಬೆರಳು ಹೋಗುವಷ್ಟೂ ಜಾಗ ಇರಲಿಲ್ಲ. ಪೇಟೆಯಲ್ಲಿ ನಿಲ್ಲಿಸಿದರೆ ಹುಡುಗರು ಫೋಟೊ ತೆಗೆಯುತ್ತಿದ್ದರು. ಆಮೇಲೆ ಕಾಫಿ ಕೊಯ್ಲು ಬಂತು. ಕಣದಿಂದ ಆರು ಚೀಲ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಹಾಕಿಕೊಂಡು ತೋಟದ ಗೇಟಿನ ಕಡೆ ಹೊರಟೆ. ದಾರಿಗೆ ಅಡ್ಡವಾಗಿ ಮಳೆನೀರು ಹೋಗಲು ಒಂದು ಮೋರಿ ಇದೆ. ಅದನ್ನು ದಾಟುವಾಗ ಹಿಂದಿನಿಂದ 'ಢಬ್' ಅಂತ ಸದ್ದು. ಬೆನ್ನುಮೂಳೆಗೇ ಹೊಡೆದ ಹಾಗೆ.

ವರ್ಕ್‌ಶಾಪಿನವನು ಬಗ್ಗಿ ನೋಡಿ, "ಅಣ್ಣಾ, ಇದಕ್ಕೆ ಲೋಡ್ ಹಾಕ್ಬೇಡಿ, ಇದು ಶೋಗೆ ಇಟ್ಕೊಂಡಿರೋ ಗಾಡಿ" ಅಂದ. ಅವನು ಹೇಳಿದ್ದು ಸರಿ. ಆದರೆ ನನಗೆ ಬೇಕಿದ್ದದ್ದು ಚೀಲ ಹೊರುವ ಗಾಡಿ. ಹಾಗಾಗಿ ಹಿಂಬದಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರು ಒಬ್ಬ ಸಹಾಯಕನನ್ನು ಇಟ್ಟುಕೊಂಡು ಮಾಡಬಹುದು. ಅಭ್ಯಾಸ ಇಲ್ಲದವರು ಅಳತೆ ಮಾತ್ರ ತಾವು ತೆಗೆದು, ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಅಳತೆ ನಿಮ್ಮ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಎತ್ತರ ನೋಡಬೇಡಿ, ಸಂದು ನೋಡಿ

ಇಳಿಸಿದ ಗಾಡಿ ಅಂದ ತಕ್ಷಣ ಎಲ್ಲರೂ ಕೇಳುವುದು ಎಷ್ಟು ಇಂಚು ಇಳಿದಿದೆ ಅಂತ. ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಹೌಸಿಂಗ್‌ಗೂ (ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕೊಳವೆ) ಚಾಸಿಸ್‌ಗೂ ನಡುವೆ ಇರುವ ಬಂಪ್ ಸ್ಟಾಪ್. ಆ ರಬ್ಬರ್ ತುಂಡಿಗೂ ಹೌಸಿಂಗ್‌ಗೂ ಎಷ್ಟು ಸಂದು ಉಳಿದಿದೆಯೋ ಅಷ್ಟೇ ನಿಮ್ಮ ಸಸ್ಪೆನ್ಷನ್. ಆ ಸಂದು ಮುಗಿದ ಮೇಲೆ ಸ್ಪ್ರಿಂಗ್ ಕೆಲಸ ಮಾಡುವುದಿಲ್ಲ. ಗುಂಡಿಯ ಹೊಡೆತ ನೇರವಾಗಿ ಚಾಸಿಸ್‌ಗೆ ಹೋಗುತ್ತದೆ. ಸ್ಪ್ರಿಂಗ್ ತುದಿಯನ್ನು ಚಾಸಿಸ್‌ಗೆ ಹಿಡಿಯುವ ಹ್ಯಾಂಗರ್ ಬ್ರಾಕೆಟ್ ಬಿರುಕು ಬಿಡುವುದು, ಶಾಕಪ್ (ಶಾಕ್ ಅಬ್ಸಾರ್ಬರ್) ಮೇಲಿನ ಬೋಲ್ಟ್ ಮುರಿಯುವುದು ಎಲ್ಲ ಶುರುವಾಗುವುದು ಅಲ್ಲಿಂದಲೇ.

ನಮ್ಮಲ್ಲಿ ಓಡುವ ಪಿಕಪ್‌ಗಳಲ್ಲಿ, ಅಂದರೆ ಬೊಲೆರೊ ಪಿಕಪ್, ಟಾಟಾ ಯೋಧಾ, ಇಸುಜು ಡಿ-ಮ್ಯಾಕ್ಸ್ ಎಲ್ಲದರಲ್ಲೂ, ಹಿಂದೆ ಇರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ವರ್ಕ್‌ಶಾಪ್ ಭಾಷೆಯಲ್ಲಿ ಪ್ಲೇಟ್. ಇದನ್ನು ಇಳಿಸುವ ದಾರಿ ಮೂರೋ ನಾಲ್ಕೋ ಇವೆ. ಯಾವುದು ನಿಮ್ಮ ಗಾಡಿಯಲ್ಲಿ ಆಗಿದೆ ಅಂತ ಮೊದಲು ಗೊತ್ತಾಗಬೇಕು.

ಅತಿ ಅಗ್ಗದ ದಾರಿ ಒಂದೆರಡು ಪ್ಲೇಟ್ ಕಿತ್ತು ಹಾಕುವುದು. ಇದನ್ನು ಕಂಡುಹಿಡಿಯುವುದು ಸುಲಭ: ಪ್ಲೇಟ್‌ಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್ ಅಥವಾ ಅವನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್‌ನ ದಾರ (ಥ್ರೆಡ್) ನಟ್‌ನಿಂದ ಆಚೆ ಜಾಸ್ತಿ ಚಾಚಿಕೊಂಡಿರುತ್ತದೆ. ಎರಡನೆಯದು ಪ್ಲೇಟಿನ ಬಾಗು ಕಡಿಮೆ ಮಾಡುವುದು. ಪ್ರೆಸ್‌ನಲ್ಲಿ ತಣ್ಣಗೆ ಮಾಡಿದ್ದರೆ ಒಂದು ಮಟ್ಟಿಗೆ ಪರವಾಗಿಲ್ಲ. ಗ್ಯಾಸ್ ಟಾರ್ಚ್ ಇಟ್ಟು ಕಾಯಿಸಿ ಬಗ್ಗಿಸಿದ್ದರೆ ಆ ಪ್ಲೇಟ್ ಸತ್ತ ಹಾಗೆ. ಸ್ಪ್ರಿಂಗ್ ಉಕ್ಕನ್ನು ಸುಮಾರು 850 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400-500 ಡಿಗ್ರಿಗೆ ಕಾಯಿಸಿ ಹದ ಕೊಟ್ಟಿರುತ್ತಾರೆ. ಟಾರ್ಚ್ ಇಟ್ಟ ಜಾಗದಲ್ಲಿ ಆ ಹದ ಹೋಗಿರುತ್ತದೆ. ತುಕ್ಕು ಕೆರೆದು ನೋಡಿ. ನೀಲಿ, ನೇರಳೆ ಛಾಯೆ ಕಂಡರೆ ಅಲ್ಲಿ ಬೆಂಕಿ ಬಿದ್ದಿದೆ.

ಮೂರನೆಯದು ಶಾಕಲ್, ಅಂದರೆ ಪ್ಲೇಟಿನ ಹಿಂದಿನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಕೊಂಡಿ, ಬದಲಿಸುವುದು. ಉದ್ದದ ಶಾಕಲ್ ಹಾಕಿದರೆ ಗಾಡಿ ಏಳುತ್ತದೆ ಅಂತ ಕೆಲವರು, ಇಳಿಯುತ್ತದೆ ಅಂತ ಕೆಲವರು. ಇಬ್ಬರೂ ಸರಿ! ಶಾಕಲ್‌ನ ಚಾಸಿಸ್ ಕಡೆಯ ಬೋಲ್ಟ್ ಮೇಲಿದ್ದು ಪ್ಲೇಟಿನ ಕಣ್ಣು (ತುದಿಯಲ್ಲಿ ಬೋಲ್ಟ್ ತೂರುವ ಸುರುಳಿ) ಕೆಳಗಿದ್ದರೆ ಉದ್ದ ಮಾಡಿದಾಗ ಗಾಡಿ ಏಳುತ್ತದೆ. ಬೋಲ್ಟ್ ಕೆಳಗಿದ್ದು ಕಣ್ಣು ಮೇಲಿದ್ದರೆ ಇಳಿಯುತ್ತದೆ. ಎರಡರಲ್ಲೂ ಬದಲಾವಣೆ ಅರ್ಧ ಮಾತ್ರ: ಶಾಕಲ್ 2 ಇಂಚು ಬದಲಾದರೆ ಗಾಡಿ ಹೆಚ್ಚು ಕಡಿಮೆ 1 ಇಂಚು. ಪ್ಲೇಟಿನ ಒಂದು ತುದಿ ಮಾತ್ರ ಕದಲುತ್ತದೆ ಅಲ್ವಾ, ಅದಕ್ಕೆ.

ಕೊನೆಯದು ಫ್ಲಿಪ್. ಪ್ಲೇಟಿನ ಕೆಳಗಿದ್ದ ಹೌಸಿಂಗ್ ಅನ್ನು ಪ್ಲೇಟಿನ ಮೇಲೆ ತಂದು ಕೂರಿಸುವುದು. ಹೌಸಿಂಗ್ ಕೊಳವೆಯ ದಪ್ಪ ಮತ್ತು ಪ್ಲೇಟ್ ಸೆಟ್‌ನ ದಪ್ಪ ಎರಡೂ ಸೇರಿದಷ್ಟು ಗಾಡಿ ಒಂದೇ ಸಲ ಇಳಿಯುತ್ತದೆ. ಹೌಸಿಂಗ್ ಚಾಸಿಸ್‌ಗೆ ತಾಗುತ್ತದೆ ಅಂತ ಕೆಲವರು ಚಾಸಿಸ್ಸನ್ನೇ ಅರ್ಧಚಂದ್ರದ ಹಾಗೆ ಕೊಯ್ಯುತ್ತಾರೆ. ಕೊಯ್ದ ಚಾಸಿಸ್ ಕಂಡರೆ ಈ ಲೇಖನ ಇಲ್ಲಿಗೇ ಬಿಡಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಕೊಳ್ಳುವ ಮೊದಲೇ ಕಂಡಿದ್ದರೆ ಗಾಡಿಯನ್ನೂ ಬಿಡಿ. ಫ್ಲಿಪ್ ಆಗಿದ್ದು ಚಾಸಿಸ್ ಸರಿಯಿದ್ದರೆ, ಹೌಸಿಂಗ್‌ಗೆ ಪ್ಲೇಟ್ ಕೂರಲು ಹೊಸದಾಗಿ ವೆಲ್ಡ್ ಮಾಡಿದ ಸೀಟ್‌ಗಳು ಇರುತ್ತವೆ. ವೆಲ್ಡಿಂಗ್ ಬಿಸಿಗೆ ಕೊಳವೆ ಸೊಟ್ಟಗಾಗಿರಬಹುದು. ಅದನ್ನು ಲೇತ್ ಇರುವ ಕಡೆ ತೋರಿಸಿಕೊಂಡು ಬಂದ ಮೇಲೆ ಮುಂದಿನದು.

ನನ್ನ ಗಾಡಿಯಲ್ಲಿ ಸಿಕ್ಕಿದ್ದು ಮೊದಲೆರಡು ಒಟ್ಟಿಗೆ. ಆರು ಪ್ಲೇಟ್ ಇರಬೇಕಾದಲ್ಲಿ ಐದು. ಉಳಿದವಕ್ಕೆ ಟಾರ್ಚ್. ಅದರ ಮೇಲೆ ಬಂಪ್ ಸ್ಟಾಪ್ ತಾಗುತ್ತದೆ ಅಂತ ಅದನ್ನೂ 25 ಮಿ.ಮೀ. ಕೊಯ್ದಿದ್ದ ಪುಣ್ಯಾತ್ಮ.

ಕಾನೂನಿನ ಮಾತು, ಚಿಕ್ಕದಾಗಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಸೇರಿತು: ಒಂದೊಂದು ಬದಲಾವಣೆಗೆ 5,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾಗಾಗಿ ನಾನು ಇಲ್ಲಿ ಹೇಳುತ್ತಿರುವುದು ಗಾಡಿಯನ್ನು ಕಂಪನಿಯ ಅಳತೆಗೆ ವಾಪಸ್ ತರುವ ಕೆಲಸ. ಇಳಿದದ್ದು ಇಳಿದೇ ಇರಲಿ, ಏರ್ ಬ್ಯಾಗ್ (ಸ್ಪ್ರಿಂಗ್ ಜೊತೆ ಕೂರಿಸುವ ಗಾಳಿ ತುಂಬಿದ ರಬ್ಬರ್ ಚೀಲ) ಹಾಕಿ ಲೋಡ್ ಹೊರಿಸೋಣ ಅನ್ನುವವರೂ ಇದ್ದಾರೆ. ಏರ್ ಬ್ಯಾಗ್ ಗಾಡಿಯನ್ನು ಗಟ್ಟಿ ಮಾಡುತ್ತದೆಯೇ ಹೊರತು, ಇಳಿದ ಎತ್ತರದಲ್ಲಿ ಇಲ್ಲದ ಸಂದನ್ನು ಹುಟ್ಟಿಸುವುದಿಲ್ಲ. ಡಾಂಬರು ನುಣ್ಣಗಿರುವ ಊರಿನಲ್ಲಿ ಹೇಗೋ ಏನೋ. ಮಾಕುಟ್ಟ ಘಾಟಿಯಲ್ಲಿ, ತೋಟದ ಏರುದಾರಿಯಲ್ಲಿ ನಾನಂತೂ ಅದನ್ನು ನಂಬುವುದಿಲ್ಲ.

ಅಳತೆ: ನಾಲ್ಕು ಚೀಲ ಕಾಫಿ ಸಾಕು

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ನೆಲದಿಂದ ಅಳೆಯಬೇಡಿ, ಟೈರ್ ಗಾಳಿ ಹೆಚ್ಚು ಕಡಿಮೆ ಇದ್ದರೆ ಲೆಕ್ಕ ತಪ್ಪುತ್ತದೆ. ಚಕ್ರದ ಹಬ್ಬಿನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಎಡ, ಬಲ ಎರಡೂ. ನನಗೆ ಸಿಕ್ಕಿದ್ದು ಎಡಕ್ಕೆ 39.5 ಸೆಂ.ಮೀ., ಬಲಕ್ಕೆ 41. ಅಂದರೆ ಎಡಗಡೆ ಪ್ಲೇಟ್ ಜಾಸ್ತಿ ಕೂತಿದೆ. ಆಮೇಲೆ ಬಂಪ್ ಸ್ಟಾಪ್‌ನ ಸಂದು ಅಳೆದೆ. ಖಾಲಿ ಗಾಡಿಗೆ 22 ಮಿ.ಮೀ. ಒಂದು ಬೆಂಕಿಪೊಟ್ಟಣ ಅಡ್ಡ ತೂರಿಸಿದರೆ ಮುಗಿಯಿತು.

ಈಗ ಪ್ಲೇಟ್ ಎಷ್ಟು ಗಟ್ಟಿ ಅಂತ ನೋಡಬೇಕು. ಇದಕ್ಕೆ ಯಂತ್ರ ಬೇಡ. 50 ಕೆ.ಜಿ.ಯ ನಾಲ್ಕು ಚೀಲವನ್ನು ಸರಿಯಾಗಿ ಹಿಂದಿನ ಹೌಸಿಂಗ್‌ನ ಮೇಲೆ ಬರುವ ಹಾಗೆ ಇಡಿ. ಟ್ರೇಯ ಕೊನೆಯಲ್ಲಿ ಇಟ್ಟರೆ ಅಳತೆ ಸುಳ್ಳಾಗುತ್ತದೆ. ಗಾಡಿಯನ್ನು ಒಂದೆರಡು ಸಲ ಒತ್ತಿ ಬಿಡಿ, ಪ್ಲೇಟ್‌ಗಳು ಕೂರಲಿ. ಮತ್ತೆ ಅಳೆಯಿರಿ. ನನ್ನದು 14 ಮಿ.ಮೀ. ಇಳಿಯಿತು. 200 ಕೆ.ಜಿ.ಗೆ 14 ಅಂದರೆ ಒಂದು ಮಿ.ಮೀ.ಗೆ ಸುಮಾರು 14 ಕೆ.ಜಿ. ಇದ್ದ ಸಂದು 22. ಇಪ್ಪತ್ತೆರಡು ಹದಿನಾಲ್ಕಲಿ 308 ಕೆ.ಜಿ. ಆರು ಚೀಲಕ್ಕೆ ಗಾಡಿ ರಬ್ಬರಿನ ಮೇಲೆ ಕೂತಿತ್ತು! ಮೋರಿಯ ಹತ್ತಿರ ಕೇಳಿದ ಸದ್ದಿಗೆ ಲೆಕ್ಕ ಸರಿಹೊಂದಿತು.

ಇದೇ ಲೆಕ್ಕವನ್ನು ತಿರುಗಿಸಿದರೆ ಬೇಕಾದ ಸಂದು ಎಷ್ಟು ಅಂತ ಸಿಗುತ್ತದೆ. ಒಂದೇ ದಪ್ಪದ ಐದು ಪ್ಲೇಟ್ ಇದ್ದಲ್ಲಿ ಆರು ಮಾಡಿದರೆ ಗಟ್ಟಿತನ ಐದರಿಂದ ಆರರ ಲೆಕ್ಕದಲ್ಲಿ ಏರುತ್ತದೆ. 14 ಇದ್ದದ್ದು ಸುಮಾರು 17. ನನಗೆ ಹೊರಬೇಕಾದದ್ದು 15 ಚೀಲ, 750 ಕೆ.ಜಿ. ಅದನ್ನು 17ರಿಂದ ಭಾಗಿಸಿದರೆ 44 ಮಿ.ಮೀ. ಲೋಡ್ ಹಾಕಿದ ಮೇಲೂ ಗುಂಡಿಗೆ ಅಂತ 50 ಮಿ.ಮೀ. ಉಳಿಯಬೇಕು. ಒಟ್ಟು 94. ಖಾಲಿ ಗಾಡಿಯಲ್ಲಿ ಇಷ್ಟು ಸಂದು ಇದ್ದರೆ ನನ್ನ ಕೆಲಸಕ್ಕೆ ಸಾಕು. ನಿಮ್ಮ ಚೀಲದ ಲೆಕ್ಕ ನೀವು ಹಾಕಿ. ಆದರೆ ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕ ಮೀರಬೇಡಿ. ಬ್ರೇಕ್, ಟೈರ್ ಎಲ್ಲ ಆ ತೂಕಕ್ಕೇ ಮಾಡಿದ್ದು.

ಇಲ್ಲಿ ಒಂದು ಎಚ್ಚರಿಕೆ. ಗಟ್ಟಿ ಆಗಲಿ ಅಂತ ಅಂಗಡಿಯವರು ದಪ್ಪ ಪ್ಲೇಟ್ ಕೊಡಲು ನೋಡುತ್ತಾರೆ. ಪ್ಲೇಟಿನ ಗಟ್ಟಿತನ ದಪ್ಪದ ಘನಕ್ಕೆ ಏರುತ್ತದೆ. 7 ಮಿ.ಮೀ. ಇದ್ದಲ್ಲಿ 8 ಹಾಕಿದರೆ ಒಂದೂವರೆ ಪಟ್ಟು ಗಟ್ಟಿ. ಒಂದು ಮಿ.ಮೀ. ಏನು ಮಹಾ ಅಂತ ಹಾಕಿಸಿಕೊಂಡರೆ ಖಾಲಿ ಗಾಡಿಯಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ.

ಯಾವಾಗ, ಎಲ್ಲಿ, ಯಾವುದರಿಂದ

ತೋಟದವರಿಗೆ ಇದಕ್ಕೆ ಒಳ್ಳೆಯ ಜಾಗ ಕಾಫಿ ಕಣ. ಗಟ್ಟಿ ಕಾಂಕ್ರೀಟ್, ಹೆಚ್ಚು ಕಡಿಮೆ ಸಮತಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣ ಖಾಲಿ ಇದ್ದರೂ ಮಳೆ ಬಿಡುವುದಿಲ್ಲ. ಡಿಸೆಂಬರ್ ಬಂದರೆ ಅರೇಬಿಕಾ ಹರಡಿರುತ್ತದೆ, ಗಾಡಿಯೂ ಬೇಕು. ಅಕ್ಟೋಬರ್ ಕೊನೆಯಿಂದ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯವರೆಗಿನ ದಿನಗಳು ಸರಿ. ಕೆಳಗೆ ಹಳೆಯ ಟಾರ್ಪಾಲು ಹಾಸಲು ಮರೆಯಬೇಡಿ. ಕಾಫಿ ವಾಸನೆ ಹಿಡಿಯುವ ಪದಾರ್ಥ. ಕಣದಲ್ಲಿ ಡೀಸೆಲ್, ಗ್ರೀಸ್ ಚೆಲ್ಲಿದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ. ನನ್ನ ಅತ್ತೆ ಎರಡು ದಿನ ಕಣದ ಅಂಚಿನಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು.

ಬೇಕಾದದ್ದು: ಎರಡು ಹೈಡ್ರಾಲಿಕ್ ಜಾಕ್, ಎರಡು ಒಳ್ಳೆಯ ಜಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಉದ್ದ ಕೈಯ ಸಾಕೆಟ್, ಜಿ ಕ್ಲ್ಯಾಂಪ್ ಎರಡು, ತಂತಿ ಬ್ರಷ್, ಸುತ್ತಿಗೆ, ಕೋನ ತೋರಿಸುವ ಆ್ಯಪ್ ಇರುವ ಮೊಬೈಲ್. ಸ್ಟ್ಯಾಂಡ್ ಬದಲಿಗೆ ಸೈಜುಗಲ್ಲು, ಸಿಲ್ವರ್ ಓಕ್ ಮರದ ತುಂಡು ಇಡುವ ಅಭ್ಯಾಸ ನಮ್ಮಲ್ಲಿ ಇದೆ. ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ಮರ ಮೆತ್ತಗೆ. ಗಾಡಿಯ ಕೆಳಗೆ ಇಡುವ ಕೆಲಸಕ್ಕೆ ಎರಡೂ ಬೇಡ. ಚಕ್ರಕ್ಕೆ ಒಡ್ಡು ಕೊಡಲು ನಂದಿ ಮರದ ಗಟ್ಟಿ ತುಂಡು ಇದ್ದರೆ ಆಯಿತು.

ಹೊಸದಾಗಿ ತರಬೇಕಾದದ್ದು ಪ್ಲೇಟ್ ಸೆಟ್ ಎರಡು, ಸೆಂಟರ್ ಬೋಲ್ಟ್, ಯು ಬೋಲ್ಟ್ ಮತ್ತು ನಟ್, ಬುಷ್ (ಪ್ಲೇಟಿನ ಕಣ್ಣಿನೊಳಗೆ ಕೂರುವ ರಬ್ಬರ್ ಬಳೆ), ಶಾಕಲ್ ಬೋಲ್ಟ್, ಬಂಪ್ ಸ್ಟಾಪ್, ಬೇಕಿದ್ದರೆ ಶಾಕಪ್. ಯು ಬೋಲ್ಟ್ ಹಳೆಯದೇ ನಡೆಯುತ್ತದೆ ಅಂತ ಯಾರು ಹೇಳಿದರೂ ಕೇಳಬೇಡಿ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೇ ಸಲ ಅದೇ ಬಿಗಿ ಹಿಡಿಯುವುದಿಲ್ಲ.

ಹಳೆಯ ಪ್ಲೇಟಿಗೆ ಮತ್ತೆ ಬಾಗು ಕೊಡಿಸಬಹುದಲ್ವಾ ಅಂತ ಕೇಳುತ್ತೀರಿ. ಟಾರ್ಚ್ ತಾಗದ ಪ್ಲೇಟ್ ಆಗಿದ್ದು, ಪ್ರೆಸ್ ಇರುವ ಅಂಗಡಿ ಸಿಕ್ಕರೆ ಸರಿ. ಕುಲುಮೆಯಲ್ಲಿ ಕಾಯಿಸಿ ಸುತ್ತಿಗೆ ಏಟು ಕೊಟ್ಟು, ಹದ ಮಾಡದೆ ಕೊಟ್ಟದ್ದು ಒಂದೆರಡು ಲೋಡಿಗೆ ಮತ್ತೆ ಮಲಗುತ್ತದೆ. ಹೊಸದೋ ಹಳೆಯದೋ, ಮನೆಗೆ ತರುವ ಮೊದಲು ಎರಡೂ ಸೆಟ್ ಪಕ್ಕಪಕ್ಕ ಇಟ್ಟು ದಾರ ಕಟ್ಟಿ ನೋಡಿ: ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾರ ಎಳೆದು, ನಡುವಿನಲ್ಲಿ ದಾರಕ್ಕೂ ಕಣ್ಣುಗಳಿರುವ ಮೇನ್ ಪ್ಲೇಟಿಗೂ ಇರುವ ದೂರ ಅಳೆಯಿರಿ. ಎರಡೂ ಒಂದೇ ಬರಬೇಕು. ನನಗೆ ಮೊದಲು ಕೊಟ್ಟ ಜೋಡಿಯಲ್ಲಿ 11 ಮಿ.ಮೀ. ವ್ಯತ್ಯಾಸ ಇತ್ತು. ಅಲ್ಲೇ ವಾಪಸ್ ಕೊಟ್ಟೆ.

ಬಿಚ್ಚುವುದು

ಎರಡು ದಿನ ಮೊದಲೇ ಎಲ್ಲ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ಸಂಜೆ. ನಮ್ಮ ಮಳೆಯಲ್ಲಿ ಓಡಿದ ಗಾಡಿಯ ಬೋಲ್ಟ್ ಸುಮ್ನೆ ಬರುವುದಿಲ್ಲ.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಒಡ್ಡು ಕೊಡಿ. ಹ್ಯಾಂಡ್‌ಬ್ರೇಕ್ ಮೇಲೆ ಭರವಸೆ ಬೇಡ, ಅದು ಹಿಡಿಯುವುದು ಹಿಂದಿನ ಚಕ್ರವನ್ನು, ನೀವು ಎತ್ತುತ್ತಿರುವುದೂ ಅದನ್ನೇ. ಹಿಂಭಾಗ ಎತ್ತಿ, ಪ್ಲೇಟಿನ ಮುಂದಿನ ಹ್ಯಾಂಗರ್‌ಗಿಂತ ಸ್ವಲ್ಪ ಮುಂದೆ ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಡಿ. ಬ್ರೇಕ್ ಪೈಪ್, ಟ್ಯಾಂಕ್ ಅಡಿಗೆ ಬರದ ಹಾಗೆ ನೋಡಿಕೊಳ್ಳಿ. ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ. ಅಲ್ಲಾಡದಿದ್ದರೆ ಮಾತ್ರ ಕೆಳಗೆ ಹೋಗಿ.

ಹೌಸಿಂಗ್ ಕೆಳಗೆ ಎರಡೂ ಬದಿ ಜಾಕ್ ಕೊಟ್ಟು ಅದರ ತೂಕ ಹಿಡಿಯಿರಿ. ಚಕ್ರ ತೆಗೆಯಿರಿ. ಶಾಕಪ್‌ನ ಕೆಳಗಿನ ಬೋಲ್ಟ್ ಬಿಚ್ಚಿ. ಚಾಸಿಸ್‌ನಿಂದ ಹೌಸಿಂಗ್‌ಗೆ ಬರುವ ಬ್ರೇಕ್ ಹೋಸ್ ಎಳೆಯದ ಹಾಗೆ ಗಮನ ಇರಲಿ. ಚಾಸಿಸ್ ಮೇಲಿನ ಬ್ರೇಕ್ ವಾಲ್ವ್‌ನಿಂದ ಹೌಸಿಂಗ್‌ಗೆ ಒಂದು ಸಣ್ಣ ಸರಳು ಇದ್ದರೆ, ಅದು ಈಗ ಇರುವ ಜಾಗಕ್ಕೆ ಬಣ್ಣದ ಗುರುತು ಹಾಕಿ ಬಿಡಿಸಿ. ಅದರ ಕಥೆ ಮುಂದೆ ಇದೆ.

ಆಮೇಲೆ ಒಂದು ಬದಿ ಮಾತ್ರ. ಎರಡೂ ಬದಿಯ ಪ್ಲೇಟ್ ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ಹಿಡಿದಿದ್ದರೆ ಹೌಸಿಂಗ್ ಉರುಳುವುದಿಲ್ಲ, ಹಿಂದೆ ಮುಂದೆ ಸರಿಯುವುದೂ ಇಲ್ಲ. ಯು ಬೋಲ್ಟ್ ನಟ್‌ಗಳನ್ನು ಓರೆಓರೆಯಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹಿಂದಿನ ಶಾಕಲ್ ಬೋಲ್ಟ್, ನಂತರ ಮುಂದಿನ ಕಣ್ಣಿನ ಬೋಲ್ಟ್. ಇದು ಬುಷ್‌ನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ನನ್ನ ಎಡಗಡೆಯದು ಬರಲೇ ಇಲ್ಲ. ಬಿಸಿ ಮಾಡಿದರೆ ರಬ್ಬರ್ ಹೊತ್ತಿ ಹೊಗೆ ಕಟ್ಟುತ್ತದೆ, ಪಕ್ಕದಲ್ಲೇ ಡೀಸೆಲ್ ಪೈಪ್. ಬ್ಲೇಡ್ ತೂರಿಸಿ ಎರಡೂ ಬದಿ ಕೊಯ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಬೋಲ್ಟ್ ಹೊಸದು ತಂದಿದ್ದಕ್ಕೆ ಬದುಕಿದೆ.

ಹಳೆಯ ಸೆಟ್ ಕೆಳಗಿಳಿಸಿದ ಮೇಲೆ ಸೆಂಟರ್ ಬೋಲ್ಟ್ ಬಿಚ್ಚುವ ಆಸೆ ಬೇಡ. ಬಿಚ್ಚಲೇಬೇಕಿದ್ದರೆ ಎರಡು ಕಡೆ ಜಿ ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ಬಿಡಿ. ಬಾಗಿದ ಪ್ಲೇಟ್‌ಗಳು ಒಂದನ್ನೊಂದು ತಳ್ಳುತ್ತಿರುತ್ತವೆ. ಬೋಲ್ಟ್ ಹೋದ ತಕ್ಷಣ ಹಾರುತ್ತವೆ.

ಕೂರಿಸುವುದು

ಮೊದಲು ಮುಂದಿನ ಕಣ್ಣು, ಆಮೇಲೆ ಶಾಕಲ್. ಬೋಲ್ಟ್ ತೂರಿಸಿ ನಟ್ ಬೆರಳಲ್ಲಿ ತಿರುಗಿಸಿ ಬಿಡಿ, ಬಿಗಿಯಬೇಡಿ. ಜಾಕ್‌ನಿಂದ ಹೌಸಿಂಗ್ ಎತ್ತುತ್ತಾ ಸೆಂಟರ್ ಬೋಲ್ಟ್‌ನ ತಲೆ ಸೀಟಿನ ತೂತಿಗೆ ಸರಿಯಾಗಿ ಇಳಿಯಬೇಕು. ಬ್ಯಾಟರಿ ಲೈಟ್ ಹಾಕಿ ಕಣ್ಣಾರೆ ನೋಡಿ. ತಲೆ ತೂತಿನ ಅಂಚಿನ ಮೇಲೆ ಕೂತಿದ್ದರೂ ಯು ಬೋಲ್ಟ್ ಬಿಗಿಯಾಗುತ್ತದೆ, ಬಿಗಿಯಾಯಿತು ಅಂತ ಅನಿಸುತ್ತದೆ. ಮೊದಲ ಲೋಡಿಗೆ ಜಾರುತ್ತದೆ, ಹೌಸಿಂಗ್ ಓರೆಯಾಗುತ್ತದೆ.

ಯು ಬೋಲ್ಟ್‌ನ ನಾಲ್ಕೂ ನಟ್ ಓರೆಓರೆಯಾಗಿ, ಮೂರು ನಾಲ್ಕು ಸುತ್ತಿನಲ್ಲಿ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಳತೆಗೆ ಬಿಗಿಯಿರಿ. ನಾಲ್ಕೂ ಕಡೆ ಆಚೆ ಬಂದ ದಾರ ಒಂದೇ ಸಮ ಇರಬೇಕು. ಬಂಪ್ ಸ್ಟಾಪ್ ಹೊಸದು ಹಾಕಿ. ಇನ್ನೊಂದು ಬದಿಯನ್ನೂ ಹೀಗೇ ಮುಗಿಸಿ.

ಈಗ ಎಲ್ಲರೂ ತಪ್ಪು ಮಾಡುವ ಜಾಗ. ಕಣ್ಣಿನ ಬೋಲ್ಟ್ ಮತ್ತು ಶಾಕಲ್ ಬೋಲ್ಟ್‌ಗಳನ್ನು ಗಾಡಿ ಗಾಳಿಯಲ್ಲಿ ಇದ್ದಾಗ ಬಿಗಿಯಬಾರದು. ರಬ್ಬರ್ ಬುಷ್ ಬಿಗಿದ ಜಾಗದಿಂದ ಆಚೀಚೆ ತಿರುಚಿಕೊಂಡು ಕೆಲಸ ಮಾಡುತ್ತದೆ. ಪ್ಲೇಟ್ ಜೋತುಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕೂಡಲೇ ಬುಷ್ ತಿರುಚಿದ ಸ್ಥಿತಿಯಲ್ಲೇ ನಿಲ್ಲುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಎತ್ತರದ ಅಳತೆಯೂ ತಪ್ಪು ಬರುತ್ತದೆ. ಚಕ್ರ ಹಾಕಿ, ಗಾಡಿ ಇಳಿಸಿ, ಒಂದೆರಡು ಸಲ ಕುಲುಕಿ, ಹಿಂದೆ ಮುಂದೆ ನಾಲ್ಕು ಅಡಿ ಓಡಿಸಿ, ಆಮೇಲೆ ಕೆಳಗೆ ತೂರಿಕೊಂಡು ಬಿಗಿಯಿರಿ.

ಕೊನೆಗೆ ಟೇಪ್ ಹಿಡಿದು ಮುಂದಿನ ಕಣ್ಣಿನ ಬೋಲ್ಟ್‌ನಿಂದ ಹೌಸಿಂಗ್‌ವರೆಗಿನ ದೂರ ಎರಡೂ ಬದಿ ನೋಡಿ. ವ್ಯತ್ಯಾಸ ಇದ್ದರೆ ಗಾಡಿ ಏಡಿ ಹಾಗೆ ಓರೆ ಓಡುತ್ತದೆ. ನನ್ನದು ಹಬ್ಬಿನಿಂದ ಮಡ್‌ಗಾರ್ಡ್‌ಗೆ ಎಡ 50.2, ಬಲ 50 ಬಂತು. ಬಂಪ್ ಸ್ಟಾಪ್ ಪೂರ್ತಿ ಎತ್ತರದ್ದು ಹಾಕಿದ ಮೇಲೂ ಸಂದು 97 ಮಿ.ಮೀ.

ಪಿನಿಯನ್ ಕೋನ

ಗಾಡಿ ಇಳಿಸಿದವರು ಮರೆಯುವುದು, ಏರಿಸುವವರೂ ಮರೆಯುವುದು ಇದನ್ನೇ. 50-60ರ ವೇಗದಲ್ಲಿ ನೆಲದಿಂದ 'ಗುಂಯ್' ಅಂತ ನಡುಕ ಬರುತ್ತಿದ್ದರೆ ಕಾರಣ ಇದಿರಬಹುದು. ಗೇರ್‌ಬಾಕ್ಸ್‌ನಿಂದ ಹೌಸಿಂಗ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದೇ ತುಂಡು ಆಗಿದ್ದರೆ, ಗೇರ್‌ಬಾಕ್ಸ್ ಹಿಂದಿನ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ಬಿಲ್ಲೆ) ಮತ್ತು ಹೌಸಿಂಗ್ ಕಡೆಯ ಪಿನಿಯನ್ (ಶಾಫ್ಟ್ ತಿರುಗಿಸುವ ಗೇರ್) ಫ್ಲ್ಯಾಂಜ್ ಎರಡೂ ಹೆಚ್ಚು ಕಡಿಮೆ ಸಮಾನಾಂತರ ಇರಬೇಕು. ಮೊಬೈಲನ್ನು ಫ್ಲ್ಯಾಂಜ್‌ಗೆ ಒತ್ತಿ ಹಿಡಿದರೆ ಆ್ಯಪ್ ಕೋನ ತೋರಿಸುತ್ತದೆ. ಪಿನಿಯನ್ ಮೂಗು ಒಂದೆರಡು ಡಿಗ್ರಿ ಕೆಳಗಿದ್ದರೆ ಒಳ್ಳೆಯದು. ಆಕ್ಸಿಲರೇಟರ್ ಒತ್ತಿದಾಗ ಪ್ಲೇಟ್ ತಿರುಚಿಕೊಂಡು ಮೂಗು ಮೇಲೇಳುತ್ತದೆ, ಆಗ ಎರಡೂ ಸಮ ಆಗುತ್ತವೆ. ಹೊಂದದಿದ್ದರೆ ಸೀಟಿಗೂ ಪ್ಲೇಟಿಗೂ ನಡುವೆ ಉಕ್ಕಿನ ಓರೆ ಪ್ಯಾಕಿಂಗ್ ಹಾಕಿ ಸರಿಮಾಡುತ್ತಾರೆ. ಶಾಫ್ಟ್ ಎರಡು ತುಂಡಿನದ್ದಾಗಿ ನಡುವೆ ಬೇರಿಂಗ್ ಇದ್ದರೆ ಲೆಕ್ಕ ಬೇರೆ, ಅಲ್ಲಿ ಸರ್ವಿಸ್ ಪುಸ್ತಕದ ಅಳತೆಯೇ ಗತಿ. ನನ್ನ ಗಾಡಿಯಲ್ಲಿ ಹಿಂದಿನವನು ಹಾಕಿದ್ದ ಪ್ಯಾಕಿಂಗ್ ಒಂದು ಸಿಕ್ಕಿತು. ಅದನ್ನು ತೆಗೆದ ಮೇಲೆ ಸರಿಹೋಯಿತು.

ಶಾಕಪ್ ಉದ್ದ

ಇಳಿಸಿದ ಗಾಡಿಯಲ್ಲಿ ಗಿಡ್ಡ ಶಾಕಪ್ ಇದ್ದರೆ ಅದು ಇನ್ನು ನಡೆಯುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಶಾಕಪ್ಪೇ ಹೌಸಿಂಗ್ ಅನ್ನು ಹಿಡಿದು ನೇತಾಡಿಸುತ್ತದೆ, ಕಣ್ಣು ಕಿತ್ತು ಬರುತ್ತದೆ. ನಿಂತ ಗಾಡಿಯಲ್ಲಿ ಶಾಕಪ್‌ನ ಮೇಲಿನ ಬೋಲ್ಟ್‌ನಿಂದ ಕೆಳಗಿನ ಬೋಲ್ಟ್‌ಗೆ ಅಳೆಯಿರಿ. ಅದರಲ್ಲಿ ಬಂಪ್ ಸ್ಟಾಪ್ ಸಂದನ್ನು ಕಳೆಯಿರಿ. ನನ್ನದು 430ರಲ್ಲಿ 97 ಹೋಗಿ 333. ಶಾಕಪ್ ಪೂರ್ತಿ ಒತ್ತಿದಾಗಿನ ಉದ್ದ ಇದಕ್ಕಿಂತ ಹದಿನೈದು ಇಪ್ಪತ್ತು ಮಿ.ಮೀ. ಕಡಿಮೆಯೇ ಇರಬೇಕು, ಯಾಕೆಂದರೆ ರಬ್ಬರ್ ಸಹ ಸ್ವಲ್ಪ ಅಮುಕುತ್ತದೆ. ಹಾಗೆಯೇ ಹಿಂಭಾಗ ಎತ್ತಿ ಹೌಸಿಂಗ್ ಜೋತುಬಿಟ್ಟಾಗಿನ ಅಳತೆಗಿಂತ ಶಾಕಪ್ ಪೂರ್ತಿ ಎಳೆದ ಉದ್ದ ಜಾಸ್ತಿ ಇರಬೇಕು.

ಬ್ರೇಕ್: ಆ ಸಣ್ಣ ಸರಳು

ಬಹಳ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು ಅಂತ ಲೋಡ್ ನೋಡಿ ತೀರ್ಮಾನಿಸುವ ವಾಲ್ವ್ ಇರುತ್ತದೆ. ಅದು ತೂಕ ಅಳೆಯುವುದಿಲ್ಲ. ಚಾಸಿಸ್ ಹೌಸಿಂಗ್‌ಗೆ ಎಷ್ಟು ಹತ್ತಿರ ಬಂದಿದೆ ಅಂತ ಸರಳಿನ ಮೂಲಕ ನೋಡುತ್ತದೆ, ಅಷ್ಟೇ. ಇಳಿಸಿದ ಗಾಡಿಯಲ್ಲಿ ಚಾಸಿಸ್ ಯಾವಾಗಲೂ ಹತ್ತಿರ. ಖಾಲಿ ಗಾಡಿಯೂ ತುಂಬಿದೆ ಅಂತ ವಾಲ್ವ್ ತಿಳಿಯುತ್ತದೆ. ಪೂರ್ತಿ ಒತ್ತಡ ಹಿಂದಕ್ಕೆ ಕಳಿಸುತ್ತದೆ. ಹಗುರ ಹಿಂಭಾಗ, ಒದ್ದೆ ರಸ್ತೆ, ಇಳಿಜಾರು. ಹಿಂದಿನ ಚಕ್ರ ಲಾಕ್ ಆಗಿ ಬಾಲ ಪಕ್ಕಕ್ಕೆ ಬರುತ್ತದೆ. ಕೊಂಡ ಹೊಸದರಲ್ಲಿ ಸಂಪಾಜೆ ಘಾಟಿ ಇಳಿಯುವಾಗ ಜಡಿಮಳೆಯಲ್ಲಿ ನನಗೆ ಒಮ್ಮೆ ಹಾಗಾಯಿತು. ಟೈರ್ ಸವೆದಿದೆ ಅಂದುಕೊಂಡು ಹೊಸ ಟೈರ್ ಹಾಕಿಸಿದ್ದೆ! ತಪ್ಪು ಟೈರಿನದ್ದಾಗಿರಲಿಲ್ಲ.

ಹಿಂದಿನ ಮಾಲೀಕ ಆ ಸರಳನ್ನು ಮುಟ್ಟಿರದಿದ್ದರೆ, ಎತ್ತರ ವಾಪಸ್ ಬಂದ ಮೇಲೆ ಅದು ತನ್ನ ಜಾಗಕ್ಕೆ ಬರುತ್ತದೆ. ಅವನು ಬಗ್ಗಿಸಿ ಹೊಂದಿಸಿದ್ದರೆ ಈಗ ಉಲ್ಟಾ ತೊಂದರೆ: ತುಂಬಿದ ಗಾಡಿಯಲ್ಲೂ ಹಿಂದೆ ಬ್ರೇಕ್ ಕಡಿಮೆ. ಎರಡರಲ್ಲಿ ಯಾವುದೇ ಆದರೂ, ಈ ಹೊಂದಾಣಿಕೆಯನ್ನು ಅಂದಾಜಿನಲ್ಲಿ ಮಾಡಬೇಡಿ. ಸರ್ವಿಸ್ ಪುಸ್ತಕದ ಅಳತೆ ಇಟ್ಟುಕೊಂಡು ಮಾಡುವವರ ಹತ್ತಿರವೇ ಮಾಡಿಸಿ. ಹೌಸಿಂಗ್ ಪೂರ್ತಿ ಜೋತುಬಿದ್ದಾಗ ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆಯುತ್ತದೆಯೇ ಅಂತಲೂ ನೋಡಿ.

ಕೆಮ್ಮಣ್ಣಿನ ಪರೀಕ್ಷೆ

ಸಂದು ಸಾಕಾಗಿದೆಯೇ ಅಂತ ಓಡಿಸುವಾಗ ಗೊತ್ತಾಗುವುದು ಹೇಗೆ? ತೋಟದ ಬದುವಿನಿಂದ ಒಂದು ಮುಷ್ಟಿ ಕೆಮ್ಮಣ್ಣು ತಂದು, ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಮಾಡಿ, ಬಂಪ್ ಸ್ಟಾಪ್‌ನ ನೇರ ಕೆಳಗೆ ಹೌಸಿಂಗ್ ಮೇಲೆ ಅಂಟಿಸಿ. ಎರಡೂ ಬದಿ, 50 ಮಿ.ಮೀ. ಎತ್ತರ ಇರಲಿ. ನಿಮ್ಮ ದಿನದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಉಂಡೆ ಚಪ್ಪಟೆಯಾಗಿದ್ದರೆ ಉಳಿದ ದಪ್ಪ ಅಳೆಯಿರಿ. ಆ ಸುತ್ತಿನಲ್ಲಿ ಸಂದು ಅತಿ ಕಡಿಮೆ ಆದದ್ದು ಅಷ್ಟಕ್ಕೆ.

ಮೊದಲು ಖಾಲಿ. ತೋಟದೊಳಗೇ. ಬ್ರೇಕ್ ಪರೀಕ್ಷೆ ಘಾಟಿಯಲ್ಲಿ ಬೇಡ, ಕುಶಾಲನಗರದ ಕಡೆ ಸಮತಟ್ಟು ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ. ಆಮೇಲೆ ಆರು ಚೀಲ, ಹತ್ತು, ಹದಿನೈದು. ಆರು ಚೀಲಕ್ಕೆ ನನ್ನ ಉಂಡೆಯ ತಲೆಗೆ ರಬ್ಬರ್ ತಾಗಿಯೇ ಇರಲಿಲ್ಲ. ಬೆರಳಚ್ಚು ಕೂಡ ಹಾಗೇ ಇತ್ತು. ಹದಿನೈದು ಚೀಲ ಹಾಕಿ ಅದೇ ಮೋರಿ ದಾಟಿದಾಗ ಉಂಡೆ 18 ಮಿ.ಮೀ.ಗೆ ಇಳಿಯಿತು. ಸದ್ದಿಲ್ಲ.

100 ಕಿ.ಮೀ. ಆದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಯಿರಿ, ಹೊಸ ಪ್ಲೇಟ್‌ಗಳು ಒಂದರ ಮೇಲೊಂದು ಕೂತು ಸ್ವಲ್ಪ ತಗ್ಗುತ್ತವೆ. ನನ್ನ ಎಡಗಡೆಯ ಎರಡು ನಟ್ ಕಾಲು ಸುತ್ತು ಬಂದವು. ಮೊದಲ ಪೂರ್ತಿ ಲೋಡ್ ಹೊತ್ತು ಬಂದ ಮೇಲೆ ಇನ್ನೊಮ್ಮೆ ನೋಡಿ. ಮತ್ತೆ ಹೆಡ್‌ಲೈಟ್. ಹಿಂಭಾಗ ನಾಲ್ಕು ಇಂಚು ಏರಿದರೆ ಮುಂದಿನ ಬೆಳಕು ನೆಲ ನೋಡುತ್ತದೆ. ನನಗೆ ಇದು ಹೊಳೆದದ್ದು ರಾತ್ರಿ ಮಡಿಕೇರಿಯಿಂದ ಮಂಜಿನಲ್ಲಿ ಬರುವಾಗ, ಬಾನೆಟ್ ಮುಂದೆ ಹತ್ತು ಮಾರು ಮಾತ್ರ ಕಂಡಾಗ. ಮಾರನೆಯ ದಿನ ಗೋಡೆಯ ಮುಂದೆ ಗಾಡಿ ನಿಲ್ಲಿಸಿ, ಸ್ಕ್ರೂ ತಿರುಗಿಸಿ ಸರಿಮಾಡಿಕೊಂಡೆ.